ಕಾಡುಗಿಡ ಗುರುತಿಸಲು ಆನ್‌ಲೈನ್ ಕೈಪಿಡಿ ಬಳಸುವುದು ಹೇಗೆ? ಒಂದು ಫೋಟೊ ಸಾಕೇ?

ಸಾಲದು. ಹೂವಿನ ಫೋಟೊ ಒಂದನ್ನೇ ಕೊಟ್ಟರೆ ಆ್ಯಪ್ ಏನೋ ಒಂದು ಹೆಸರು ಹೇಳಿಬಿಡುತ್ತದೆ, ಅಷ್ಟೆ. ಇಡೀ ಗಿಡ, ಎಲೆ ಜೋಡಣೆ, ಎಲೆಯ ಹಿಂಬದಿ, ಕಾಯಿ ಎಲ್ಲವನ್ನೂ ಬೇರೆ ಬೇರೆ ತೆಗೆಯಿರಿ.

ಮಳೆಗಾಲದಲ್ಲಿ ಕರಾವಳಿಯವರು ಪಲ್ಯ, ಪತ್ರೊಡೆ ಮಾಡುವ ಚಗಟೆ ಸೊಪ್ಪನ್ನೇ (ತುಳುವಿನ ತಜಂಕ್) ನೋಡಿ. ಅದರ ದಾಯಾದಿ ಸೆನ್ನಾ ಆಕ್ಸಿಡೆಂಟಾಲಿಸ್ ಕೂಡ ರಸ್ತೆ ಬದಿಯಲ್ಲೇ ಬೆಳೆಯುತ್ತದೆ. ಎರಡಕ್ಕೂ ಹಳದಿ ಹೂ. ಚಗಟೆಗೆ ಸಾಮಾನ್ಯವಾಗಿ 3 ಜೊತೆ ಕಿರುಎಲೆ, ತುದಿ ದುಂಡಗೆ. ಕೆಳಗಿನ ಜೊತೆಗಳ ನಡುವೆ ಕಡ್ಡಿಯಂಥ ಪುಟ್ಟ ಗ್ರಂಥಿ ಇರುತ್ತದೆ. ಇನ್ನೊಂದಕ್ಕೆ ಹೆಚ್ಚಾಗಿ 4-5 ಜೊತೆ, ತುದಿ ಚೂಪು, ಗ್ರಂಥಿ ಇರುವುದು ತೊಟ್ಟಿನ ಬುಡದಲ್ಲಿ. ಅದರ ಬೀಜ ವಿಷ. ದೂರದಿಂದ ತೆಗೆದ ಫೋಟೊದಲ್ಲಿ ಈ ಗ್ರಂಥಿ ಕಾಣುವುದೇ ಇಲ್ಲ!

ಫೋಟೊ ನೋಡಿ ಗಿಡದ ಹೆಸರು ಸೂಚಿಸುವ ಐನ್ಯಾಚುರಲಿಸ್ಟ್ ಆ್ಯಪ್ ಕೊಡುವ ಹೆಸರನ್ನು ಊಹೆ ಎಂದೇ ಇಟ್ಟುಕೊಳ್ಳಿ. ಅಲ್ಲಿ ‘ರಿಸರ್ಚ್ ಗ್ರೇಡ್’ (ಬಳಕೆದಾರರು ಒಪ್ಪಿದ ಗುರುತಿಗೆ ಸಿಗುವ ದರ್ಜೆ) ಎಂದಿದ್ದರೂ ಆ ಹೆಸರನ್ನು ಇಬ್ಬರೇ ಒಪ್ಪಿರಬಹುದು. ಆ ವೈಜ್ಞಾನಿಕ ಹೆಸರನ್ನು ಫ್ಲವರ್ಸ್ ಆಫ್ ಇಂಡಿಯಾ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣದಲ್ಲಿ ಹುಡುಕಿ, ವಿವರಣೆಯ ಒಂದೊಂದು ಲಕ್ಷಣವನ್ನೂ ಕೈಲಿರುವ ಗಿಡಕ್ಕೆ ತಾಳೆ ಹಾಕಿ. ನಿಮ್ಮ ಜಿಲ್ಲೆಯ ಸುತ್ತಮುತ್ತ ಆ ಗಿಡ ದಾಖಲಾಗಿದೆಯೇ ಎಂಬುದನ್ನೂ ನಕ್ಷೆಯಲ್ಲಿ ನೋಡಿ. ಎಷ್ಟೋ ಸಲ ಕುಲದ (ಜೀನಸ್) ಮಟ್ಟಕ್ಕೇ ನಿಲ್ಲಬೇಕಾಗುತ್ತದೆ, ಹುಲ್ಲುಗಳ ವಿಷಯದಲ್ಲಂತೂ ಅದೇ ಹೆಚ್ಚು.

ತಿನ್ನುವ ಉದ್ದೇಶವಿದ್ದರಂತೂ ಫೋನ್ ಬದಿಗಿಟ್ಟು, ಆ ಸೊಪ್ಪನ್ನು ವರ್ಷವೂ ಕೊಯ್ಯುವ ಊರಿನವರಿಗೆ ಗಿಡವನ್ನೇ ತೋರಿಸಿ ಕೇಳಿ.