ಕೇಳಿ, ಹೇಳುತ್ತೇವೆ: ಕಾಸ್ಟೀಲಿನ ಎಂಟನೇ ಅಲ್ಫೋನ್ಸೊ ಮತ್ತು ಅವನ ದಾಯಾದಿಗಳು

ಪ್ರಶ್ನೆ: ಸ್ಪೇನಿನ ಎಂಟನೇ ಅಲ್ಫೋನ್ಸೊ 1158ರಿಂದ 1214ರವರೆಗೆ ಆಳಿದ, ಒಂಬತ್ತನೇ ಅಲ್ಫೋನ್ಸೊ 1188ರಲ್ಲಿ ಪಟ್ಟಕ್ಕೆ ಬಂದ ಎಂದು ಓದಿದೆ. ತಂದೆ ಬದುಕಿರುವಾಗಲೇ ಮಗ ಪಟ್ಟವೇರಿದನೇ? (ಓದುಗರು, ಧಾರವಾಡ)

ಉತ್ತರ: ಅವರು ತಂದೆ ಮಗ ಅಲ್ಲ, ಅಣ್ಣತಮ್ಮಂದಿರ ಮಕ್ಕಳು. ಆಗ ಸ್ಪೇನ್ ಎಂಬ ಒಂದು ರಾಜ್ಯವೂ ಇರಲಿಲ್ಲ. ಏಳನೇ ಅಲ್ಫೋನ್ಸೊ 1157ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ರಾಜ್ಯ ಎರಡು ಪಾಲಾಯಿತು. ಹಿರಿಯ ಮಗ ಮೂರನೇ ಸಾಂಚೊನಿಗೆ ಕಾಸ್ಟೀಲ್, ಕಿರಿಯ ಮಗ ಎರಡನೇ ಫರ್ನಾಂಡೊನಿಗೆ ಲಿಯೋನ್. ಸಾಂಚೊ ಒಂದೇ ವರ್ಷಕ್ಕೆ ಸತ್ತ. 1155ರ ನವೆಂಬರ್ 11ರಂದು ಹುಟ್ಟಿದ್ದ ಅವನ ಮಗ, ಅಂದರೆ ನಮ್ಮ ಎಂಟನೇ ಅಲ್ಫೋನ್ಸೊ, ಮೂರು ತುಂಬುವ ಮೊದಲೇ ರಾಜನಾದ. ಒಂಬತ್ತನೆಯವನು ಲಿಯೋನಿನ ಫರ್ನಾಂಡೊನ ಮಗ.

ಈ ಸಂಖ್ಯೆಗಳೆಲ್ಲ ನಂತರದ ಇತಿಹಾಸಕಾರರು ಹಚ್ಚಿದ್ದು. ಎರಡೂ ರಾಜ್ಯಗಳು ಮುಂದೆ ಒಂದಾದವು, ಹಾಗಾಗಿ ಎರಡು ಕಡೆಯ ಅಲ್ಫೋನ್ಸೊಗಳನ್ನೂ ಒಂದೇ ಸಾಲಿನಲ್ಲಿ ಎಣಿಸಿದರು. ಕಾಸ್ಟೀಲಿಗೆ ಒಂಬತ್ತನೇ ಅಲ್ಫೋನ್ಸೊ ಎಂಬವನು ಇರಲೇ ಇಲ್ಲ. ಅದೇ ಕಾಲದಲ್ಲಿ ಅರಗಾನಿನಲ್ಲೂ ಪೋರ್ಚುಗಲ್ಲಿನಲ್ಲೂ ಅದೇ ಹೆಸರಿನ ರಾಜರಿದ್ದರು. ಆದ್ದರಿಂದ ವಂಶವೃಕ್ಷ ಬರೆಯುವಾಗ ಮೊದಲು ರಾಜ್ಯ, ಆಮೇಲೆ ತಂದೆಯ ಹೆಸರು, ಕೊನೆಗೆ ಸಂಖ್ಯೆ ಹಾಕಿ. ಸಂಖ್ಯೆಯನ್ನೇ ನಂಬಿ ಹೊರಟರೆ ಅಣ್ಣನ ಕೆಳಗೆ ತಮ್ಮನನ್ನು ಮಗನಾಗಿ ಕೂರಿಸಿಬಿಡುತ್ತೀರಿ.

ಪ್ರಶ್ನೆ: ಒಂಬತ್ತನೇ ಅಲ್ಫೋನ್ಸೊನ ಎರಡು ಮದುವೆಗಳನ್ನೂ ಪೋಪ್ ರದ್ದು ಮಾಡಿದರಂತೆ. ಮೊದಲನೆಯವಳು ಸೋದರಮಾವನ ಮಗಳು. ನಮ್ಮಲ್ಲಿ ಅದು ಕೇಳಿಕೊಂಡು ಮಾಡುವ ಸಂಬಂಧ. ಅಲ್ಲಿ ತಪ್ಪೇನಿತ್ತು? (ಓದುಗರು, ಹಾಸನ)

ಉತ್ತರ: ಚರ್ಚಿನ ಲೆಕ್ಕದಲ್ಲಿ ಸೋದರಮಾವನ ಮಗಳು, ದೊಡ್ಡಪ್ಪನ ಮಗಳು ಎಂಬ ಭೇದವೇ ಇಲ್ಲ. ನೋಡುವುದು ಒಂದನ್ನೇ: ಇಬ್ಬರಿಗೂ ಮೂಲಪುರುಷ ಯಾರು, ಅವನಿಂದ ಎಷ್ಟು ತಲೆಮಾರು ಇಳಿದಿದ್ದಾರೆ. ಆಗ ಏಳು ತಲೆಮಾರಿನವರೆಗೆ ನಿಷೇಧವಿತ್ತು. 1215ರ ಲ್ಯಾಟರನ್ ಮಹಾಸಭೆ ಅದನ್ನು ನಾಲ್ಕಕ್ಕೆ ಇಳಿಸಿತು.

ಮೊದಲ ಹೆಂಡತಿ ಪೋರ್ಚುಗಲ್ಲಿನ ತೆರೇಸಾ. ಇಬ್ಬರಿಗೂ ಅಜ್ಜ ಅಫೊನ್ಸೊ ಹೆನ್ರಿಕೆಸ್, ಇಬ್ಬರೂ ಅವನಿಂದ ಎರಡು ತಲೆಮಾರು ಕೆಳಗೆ. ಎರಡನೆಯವಳು ಎಂಟನೇ ಅಲ್ಫೋನ್ಸೊನ ಮಗಳು ಬೆರೆಂಗೆಲಾ. ಇಲ್ಲಿ ಮೂಲಪುರುಷ ಏಳನೇ ಅಲ್ಫೋನ್ಸೊ. ಗಂಡ ಎರಡು ತಲೆಮಾರು ಕೆಳಗೆ, ಹೆಂಡತಿ ಮೂರು. ನಾಲ್ಕರ ಮಿತಿಯಲ್ಲಿ ನೋಡಿದರೂ ಎರಡೂ ಮದುವೆ ನಿಲ್ಲುತ್ತಿರಲಿಲ್ಲ. ಲೆಕ್ಕ ಹಾಕುವಾಗ ಬಹಳ ಜನ ಎಡವುವ ಜಾಗವೊಂದಿದೆ. ರೋಮನ್ ಕಾನೂನಿನಲ್ಲಿ ಒಬ್ಬರಿಂದ ಮೇಲೆ ಹತ್ತಿ ಇನ್ನೊಬ್ಬರವರೆಗೆ ಇಳಿದು ಎರಡನ್ನೂ ಕೂಡುತ್ತಾರೆ. ಆ ರೀತಿಯಲ್ಲಿ ತೆರೇಸಾಗೆ 4, ಬೆರೆಂಗೆಲಾಗೆ 5 ಬರುತ್ತದೆ. ಈ 5ನ್ನು ಚರ್ಚಿನ 4ರ ಮಿತಿಗೆ ಹೋಲಿಸಿದರೆ ಮದುವೆ ಸರಿಯಾಗಿಯೇ ಇತ್ತಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ನಮ್ಮ ವರಸೆಯಲ್ಲಿ ನೋಡಿದರೆ ತೆರೇಸಾ ಹೇಳಿಮಾಡಿಸಿದ ಹೆಣ್ಣು. ಬೆರೆಂಗೆಲಾ ಮಾತ್ರ ಅಣ್ಣನ ಮಗಳು, ಅಂದರೆ ಮಗಳ ಸಮಾನ. ಅಂಥ ಸಂಬಂಧ ಮಾಡಿಸಿದ್ದು ಯುದ್ಧ. 1188ರಲ್ಲಿ ಕರಿಯೋನ್ ಎಂಬಲ್ಲಿ ಒಂಬತ್ತನೆಯವನು ಎಲ್ಲರೆದುರು ದಾಯಾದಿ ಅಣ್ಣನ ಕೈಗೆ ಮುತ್ತಿಟ್ಟು ನೈಟ್ ಪದವಿ ಪಡೆಯಬೇಕಾಯಿತು. ಕೈಗೆ ಮುತ್ತಿಡುವುದೆಂದರೆ ಅಧೀನನೆಂದು ಒಪ್ಪಿಕೊಂಡಂತೆ. ಆ ಅವಮಾನವನ್ನು ಅವನು ಮರೆಯಲಿಲ್ಲ. 1195ರಲ್ಲಿ ಅಲಾರ್ಕೋಸ್‌ನಲ್ಲಿ ಅಣ್ಣ ಸೋತದ್ದೇ ತಡ, ಗೆದ್ದ ಅಲ್ಮೊಹದರ (ಉತ್ತರ ಆಫ್ರಿಕಾ ಮತ್ತು ದಕ್ಷಿಣ ಸ್ಪೇನನ್ನು ಆಳುತ್ತಿದ್ದ ಮುಸ್ಲಿಂ ರಾಜವಂಶ) ಜೊತೆ ಸೇರಿ ಕಾಸ್ಟೀಲಿಗೆ ನುಗ್ಗಿದ. ಆ ಜಗಳ ನಿಲ್ಲಿಸಲು 1197ರಲ್ಲಿ ಬೆರೆಂಗೆಲಾಳನ್ನು ಕೊಟ್ಟರು, ವಿವಾದದ ಕೋಟೆಗಳು ಅವಳ ಹೆಸರಿಗೆ ಬಂದವು. ಪೋಪ್ ಮೂರನೇ ಇನೊಸೆಂಟ್ ಪಟ್ಟು ಹಿಡಿದದ್ದರಿಂದ 1204ರಲ್ಲಿ ಇಬ್ಬರೂ ಬೇರೆಯಾದರು. ಅಷ್ಟರಲ್ಲಿ ಐದು ಮಕ್ಕಳಾಗಿದ್ದವು. ಮದುವೆ ಬಿದ್ದುಹೋದರೂ ಮಕ್ಕಳ ಹಕ್ಕು ಉಳಿಯಿತು, ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ.

ಎಂಟನೇ ಅಲ್ಫೋನ್ಸೊನ ಉತ್ತರಾಧಿಕಾರಿ ಫರ್ನಾಂಡೊ 1211ರಲ್ಲಿ ತಂದೆಗಿಂತ ಮೊದಲೇ ತೀರಿಕೊಂಡ. ಉಳಿದ ಮಗ ಎನ್ರಿಕೆ ಹುಡುಗ. 1217ರಲ್ಲಿ ಪಲೆನ್ಸಿಯಾದಲ್ಲಿ ಆಡುವಾಗ ತಲೆಯ ಮೇಲೆ ಹೆಂಚು ಬಿದ್ದು ಸತ್ತ, ಆಗ ಅವನಿಗೆ 13. ಕಿರೀಟ ಅಕ್ಕ ಬೆರೆಂಗೆಲಾಗೆ ಬಂತು. ಅವಳು ಅದನ್ನು ಕೂಡಲೇ ತನ್ನ ಮಗ ಮೂರನೇ ಫರ್ನಾಂಡೊನಿಗೆ ದಾಟಿಸಿದಳು. 1230ರಲ್ಲಿ ಫರ್ನಾಂಡೊನ ಅಪ್ಪ, ಲಿಯೋನಿನ ಒಂಬತ್ತನೇ ಅಲ್ಫೋನ್ಸೊ, ಸತ್ತಾಗ ರಾಜ್ಯವನ್ನು ತೆರೇಸಾಳ ಹೆಣ್ಣುಮಕ್ಕಳಾದ ಸಾಂಚಾ, ದುಲ್ಸೆಯರಿಗೆ ಬಿಟ್ಟಿದ್ದ. ಮದುವೆ ರದ್ದಾದ ಇಬ್ಬರು ಹೆಂಡತಿಯರೂ ಎದುರುಬದುರು ಕುಳಿತು ಅದನ್ನು ಇತ್ಯರ್ಥ ಮಾಡಿದರು: ಹುಡುಗಿಯರಿಗೆ ವರ್ಷಕ್ಕೆ 30,000 ಮರವೆದಿ (ಚಿನ್ನದ ನಾಣ್ಯ), ಫರ್ನಾಂಡೊನಿಗೆ ಲಿಯೋನ್. ಗಂಡಸರು ಮೂವತ್ತು ವರ್ಷ ಕತ್ತಿ ಹಿಡಿದು ಸಾಧಿಸದ್ದು ಹೀಗೆ ಮುಗಿಯಿತು.

ಪ್ರಶ್ನೆ: 1195ರಲ್ಲಿ ಸೋತವನು 1212ರಲ್ಲಿ ಲಾಸ್ ನಾವಾಸ್ ದೆ ತೊಲೋಸಾದಲ್ಲಿ ಗೆದ್ದದ್ದು ಹೇಗೆ? (ಓದುಗರು, ಬಳ್ಳಾರಿ)

ಉತ್ತರ: ಅಲಾರ್ಕೋಸ್‌ನಲ್ಲಿ ಅವನು ಯಾರಿಗೂ ಕಾಯಲಿಲ್ಲ. ಲಿಯೋನಿನ ಸೈನ್ಯ ದಾರಿಯಲ್ಲಿತ್ತು, ಕೋಟೆ ಇನ್ನೂ ಅರ್ಧ ಕಟ್ಟಿದ್ದು. ಭಾರೀ ಕವಚದ ಕುದುರೆಪಡೆ ನೇರ ನುಗ್ಗಿ ದಣಿಯಿತು, ಹಗುರ ಕುದುರೆಗಳ ಬಿಲ್ಲುಗಾರರು ಎರಡೂ ಮಗ್ಗುಲಿಂದ ಸುತ್ತಿದರು, ಅಲ್ಮೊಹದರ ದೊರೆ ಖಲೀಫ ಹಿಂದೆ ಇಟ್ಟುಕೊಂಡಿದ್ದ ಹೊಸ ಪಡೆ ಕೊನೆಗೆ ಇಳಿಯಿತು.

1212ರ ಜುಲೈ 16ರಂದು ಆ ಹಿಂದಿನ ಪಡೆಯನ್ನು ಇಟ್ಟುಕೊಂಡದ್ದು ಅಲ್ಫೋನ್ಸೊ. ನಡುವೆ ತಾನು, ಎಡಕ್ಕೆ ಅರಗಾನಿನ ಎರಡನೇ ಪೇದ್ರೊ, ಬಲಕ್ಕೆ ನವಾರದ ಏಳನೇ ಸಾಂಚೊ. ಮುಂದಿನ ಸಾಲುಗಳು ಹಿಮ್ಮೆಟ್ಟತೊಡಗಿದಾಗಲೇ ಮೂವರೂ ಹಿಂದಿನ ಸಾಲನ್ನು ಒಟ್ಟಿಗೆ ಬಿಟ್ಟರು. ಪಿರೆನೀಸ್ ಆಚೆಯಿಂದ ಬಂದಿದ್ದ ಹೆಚ್ಚಿನ ಯೋಧರು ಅಷ್ಟರಲ್ಲಿ ಮನೆಗೆ ಹೊರಟಾಗಿತ್ತು. ಬಿಸಿಲು ಒಂದು ಕಾರಣ, ದಾರಿಯಲ್ಲಿ ಶರಣಾದ ಕಲಾತ್ರಾವಾ ಕೋಟೆಯ ಮುಸ್ಲಿಮರಿಗೆ ಜೀವದಾನ ಕೊಟ್ಟು ಬಿಟ್ಟದ್ದು ಇನ್ನೊಂದು.

ಬಂದವರನ್ನು ವರಸೆಯಿಂದ ನೋಡಿ. ಪೇದ್ರೊ ಸೋದರತ್ತೆಯ ಮಗ (ತಂದೆಯ ಮಲತಂಗಿ ಸಾಂಚಾ ಅವನ ತಾಯಿ), ನವಾರದ ಸಾಂಚೊ ಸೋದರಮಾವನ ಮಗ. ಬಾರದವನು ಚಿಕ್ಕಪ್ಪನ ಮಗ, ಲಿಯೋನಿನ ಒಂಬತ್ತನೇ ಅಲ್ಫೋನ್ಸೊ. ಬಾರದಿದ್ದುದಷ್ಟೇ ಅಲ್ಲ, ಅಣ್ಣ ದಕ್ಷಿಣದಲ್ಲಿರುವಾಗ ಗಡಿಯ ಕೋಟೆಗಳಿಗೆ ಕೈಹಾಕಿದ. ಹಾಗೆಂದು ಇದನ್ನು ರಕ್ತಸಂಬಂಧದ ಮಹಿಮೆ ಎನ್ನುವಂತಿಲ್ಲ. ನವಾರದಿಂದ ಅಲಾವಾ, ಗಿಪುಸ್ಕೋವಾ ನಾಡುಗಳನ್ನು ಕಿತ್ತುಕೊಂಡಿದ್ದವನು ಇದೇ ಅಲ್ಫೋನ್ಸೊ. ಸಾಂಚೊ ತಡವಾಗಿ, ಸುಮಾರು 200 ನೈಟ್‌ಗಳೊಂದಿಗೆ ಬಂದದ್ದರ ಹಿಂದೆ ಆ ನೋವೂ ಇರಬೇಕು. ಪೋಪ್‌ಗೆ ಬರೆದ ಪತ್ರದಲ್ಲಿ ಅಲ್ಫೋನ್ಸೊ ಶತ್ರುಗಳು ಲಕ್ಷ ಸತ್ತರು, ತಮ್ಮವರು 25 ಅಥವಾ 30 ಎಂದಿದ್ದಾನೆ. ಅದನ್ನು ವಿಜಯೋತ್ಸವದ ಭಾಷೆ ಎಂದು ಓದಿ, ಅಂಕಿಅಂಶ ಎಂದಲ್ಲ.

ಪ್ರಶ್ನೆ: ಈ ರಾಜನ ಶಾಸನಪತ್ರಗಳಲ್ಲಿ ಬರುವ ಇಸವಿಗಳು ಯಾವ ಪುಸ್ತಕಕ್ಕೂ ಹೊಂದುತ್ತಿಲ್ಲ. (ಇತಿಹಾಸ ವಿದ್ಯಾರ್ಥಿ, ಮೈಸೂರು)

ಉತ್ತರ: ಅವು ಕ್ರಿಸ್ತಶಕ ಅಲ್ಲ, ಹಿಸ್ಪಾನಿಕ್ ಶಕೆ. ಕ್ರಿಸ್ತಪೂರ್ವ 38ರ ಜನವರಿ 1ಕ್ಕೆ ಶುರುವಾಗುತ್ತದೆ. ನಮ್ಮ ಶಾಲಿವಾಹನ ಶಕೆಗೆ 78 ಕೂಡುವಂತೆ ಇಲ್ಲಿ 38 ಕಳೆಯಬೇಕು. ಅಲ್ಲಿನ 1250 ಅಂದರೆ 1212.

ಕಳೆದ ಮೇಲೂ 30 ವರ್ಷ ಹೆಚ್ಚುಕಡಿಮೆ ಬಂದರೆ ರೋಮನ್ ಅಂಕಿಯ ‘ಎಕ್ಸ್’ ಅಕ್ಷರವನ್ನು ಮತ್ತೆ ನೋಡಿ. ಅದರ ಬಲಗಡೆಯ ಮೇಲ್ತುದಿಗೆ ಸಣ್ಣ ಬಾಲವಿದ್ದರೆ ಬೆಲೆ 10 ಅಲ್ಲ, 40. ಉದಾಹರಣೆಗೆ ಸಾವಿರದ ಇನ್ನೂರರ ಮುಂದೆ ಬಾಲದ ಎಕ್ಸ್ ಇದ್ದರೆ 1240, ಕ್ರಿಸ್ತಶಕ 1202. ಬಾಲ ಕಾಣದೆ ಹೋದರೆ 1172 ಎಂದು ಬರೆದುಕೊಳ್ಳುತ್ತೀರಿ. ಇವನು 56 ವರ್ಷ ಆಳಿದ್ದರಿಂದ ಎರಡೂ ಇಸವಿ ಅವನ ಆಳ್ವಿಕೆಯೊಳಗೇ ಬೀಳುತ್ತವೆ, ತಪ್ಪು ಹೊರಗೆ ಬರುವುದೇ ಇಲ್ಲ. ಸಾಕ್ಷಿಗಳ ಪಟ್ಟಿಯಲ್ಲಿ ಟೊಲೆಡೊದ ಆರ್ಚ್‌ಬಿಷಪ್ ಯಾರೆಂದು ನೋಡಿ: ಸೆರೆಬ್ರುನೊ ಇದ್ದರೆ 1172, ಮಾರ್ತಿನ್ ಇದ್ದರೆ 1202. ರೊದ್ರಿಗೊ ಇದ್ದರೆ 1209 ಅಥವಾ ಆಮೇಲಿನದು. ಹೆಂಡತಿ ಲಿಯೊನೋರಾಳ ಹೆಸರಿದ್ದರೆ ಮದುವೆಯಾದ 1170ಕ್ಕಿಂತ ಹಿಂದಿನದಾಗಲಾರದು. ಪತ್ರದ ಕೆಳಗಿನ ಚಕ್ರಾಕಾರದ ಮುದ್ರೆಯ ಹೊರಬಳೆಯಲ್ಲಿ ಧ್ವಜಧಾರಿ ಮತ್ತು ಅರಮನೆಯ ಮೇಲ್ವಿಚಾರಕನ ಹೆಸರುಗಳಿರುತ್ತವೆ, ಅವೂ ಇದೇ ಕೆಲಸಕ್ಕೆ ಬರುತ್ತವೆ.

ಅವನ ಚಿನ್ನದ ಮರವೆದಿಗೂ ಇದೇ ಸೂತ್ರ. ಟೊಲೆಡೊದಲ್ಲಿ ಅಚ್ಚಾದ ಆ ನಾಣ್ಯದ ಮೇಲೆ ಶಿಲುಬೆ ಇದೆ, ಬರಹ ಮಾತ್ರ ಅರಬ್ಬಿ: ‘ಕ್ಯಾಥೊಲಿಕರ ಅಮೀರ, ಸಾಂಚೊನ ಮಗ ಅಲ್ಫೋನ್ಸೊ’. ಅರಬ್ಬಿ ಲಿಪಿ ಕಂಡು ಹಿಜರಿ ಎಂದು ಲೆಕ್ಕ ಹಾಕಬೇಡಿ, 38ನ್ನೇ ಕಳೆಯಿರಿ.

ಪ್ರಶ್ನೆ: ಇವನು ಎಲ್ ಸಿದ್‌ನ ವಂಶಸ್ಥನೇ? ಟೊಲೆಡೊದ ಯಹೂದಿ ಚೆಲುವೆ ರಾಕೆಲ್‌ಳನ್ನು ವಂಶವೃಕ್ಷದಲ್ಲಿ ಎಲ್ಲಿ ಹಾಕಬೇಕು? (ಓದುಗರು, ಉಡುಪಿ)

ಉತ್ತರ: ಮೊದಲನೆಯದಕ್ಕೆ ಹೌದು, ತಾಯಿಯ ಕಡೆಯಿಂದ. ಹನ್ನೊಂದನೇ ಶತಮಾನದ ಕಾಸ್ಟೀಲಿನ ಹೆಸರಾಂತ ಯೋಧ ಸಿದ್‌ನ ಮಗಳು ಕ್ರಿಸ್ತಿನಾ, ಅವಳ ಮಗ ನವಾರದ ರಾಜ ಗಾರ್ಸಿಯಾ ರಾಮಿರೆಸ್, ಅವನ ಮಗಳು ಬ್ಲಾಂಕಾ, ಅವಳ ಮಗ ಅಲ್ಫೋನ್ಸೊ.

ರಾಕೆಲ್‌ಳನ್ನು ಎಲ್ಲಿಯೂ ಹಾಕಬೇಡಿ. ರಾಜ ಅವಳೊಂದಿಗೆ ಏಳು ವರ್ಷ ಮೈಮರೆತಿದ್ದ ಎಂಬ ಕಥೆ ಕಾಣಿಸಿಕೊಳ್ಳುವುದು ಹದಿಮೂರನೇ ಶತಮಾನದ ಕೊನೆಯಲ್ಲಿ, ಅವನ ಮರಿಮಗನ ಮಗ ನಾಲ್ಕನೇ ಸಾಂಚೊನ ಕಾಲಕ್ಕೆ. ಸಮಕಾಲೀನ ವೃತ್ತಾಂತಗಳಲ್ಲಿ ಅದರ ಸುಳಿವಿಲ್ಲ.