ಓದುಗರ ಪ್ರಶ್ನೆ: ಅಪರಾಧ ಕಾನೂನಿನ ಓದು

ಪ್ರಶ್ನೆ: ನನ್ನ ಮಗಳು ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಅಪರಾಧಕ್ಕೆ ಸಂಬಂಧಿಸಿದ್ದನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಧಾರವಾಡದಲ್ಲಿ ಅಪರಾಧಶಾಸ್ತ್ರ ಓದಿಸುವುದು ಒಳ್ಳೆಯದೋ, ಐದು ವರ್ಷದ ಕಾನೂನು ಪದವಿಗೆ ಸೇರಿಸುವುದೋ?
– ಒಬ್ಬ ತಂದೆ, ಅಂಕೋಲಾ

ಉತ್ತರ: ಮಗಳಿಗೆ ಯಾವ ಕೆಲಸ ಬೇಕೆಂಬುದನ್ನು ಮೊದಲು ಕೇಳಿ, ಧಾರಾವಾಹಿ ನೋಡಿ ಹುಟ್ಟಿದ ಹಂಬಲವಾಗಿದ್ದರೂ ಅಡ್ಡಿಯಿಲ್ಲ. ಅಪರಾಧಗಳು ಏಕೆ ನಡೆಯುತ್ತವೆ, ಪೊಲೀಸ್ ಮತ್ತು ಕಾರಾಗೃಹ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಅಪರಾಧಶಾಸ್ತ್ರ ಕಲಿಸುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆದರೆ ಆ ಪದವಿಯಿಂದ ವಕೀಲಿಕೆಯ ಸನದು ಸಿಗುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ಹಾದಿಯೂ ಪಿಯುಸಿಯಲ್ಲಿ ವಿಜ್ಞಾನ ಓದದವರಿಗೆ ಬಹುಮಟ್ಟಿಗೆ ಮುಚ್ಚಿದಂತೆಯೇ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗಾದರೆ ಯಾವ ಪದವಿಯಾದರೂ ಸಾಕು.

ನ್ಯಾಯಾಲಯದಲ್ಲಿ ನಿಂತು ವಾದಿಸುವ ಮನಸ್ಸಿದ್ದರೆ ಕಾನೂನು ಪದವಿಯೇ ಬೇಕು. ಐದು ವರ್ಷದ ಪದವಿಗೆ ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕಗಳಿರಬೇಕು. ಪದವಿಯ ನಂತರವೂ ತಾಳ್ಮೆ ಬೇಕೆಂಬುದನ್ನು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಇರಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಮರಳಿ ತಂದಿದೆ. ಸೆಷನ್ಸ್ ನ್ಯಾಯಾಲಯದ ಸರಕಾರಿ ಅಭಿಯೋಜಕರಾಗಲು (ಪಬ್ಲಿಕ್ ಪ್ರಾಸಿಕ್ಯೂಟರ್) ಏಳು ವರ್ಷದ ವಕೀಲಿಕೆ ಬೇಕು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ವಕೀಲರಾಗಿದ್ದ ನನ್ನ ಸೋದರಮಾವ ತಮ್ಮ ಭಾರತೀಯ ದಂಡ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮದ ಪುಸ್ತಕಗಳನ್ನೆಲ್ಲ ನನಗೆ ಕೊಟ್ಟಿದ್ದಾರೆ. ಹೊಸ ಕಾನೂನು ಬಂದ ಮೇಲೆ ಅವು ರದ್ದಿಗೆ ಸಮವೆಂದು ಗೆಳೆಯರು ನಗುತ್ತಾರೆ. ಹೌದೇ?
– ವಿದ್ಯಾರ್ಥಿ, ಶಿರಸಿ

ಉತ್ತರ: ರದ್ದಿಗೆ ಹಾಕಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಅಪರಾಧ ಪ್ರಕ್ರಿಯೆಯನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಎಂಬ ಮೂರು ಕಾಯಿದೆಗಳು ಜಾರಿಗೆ ಬಂದಿರುವುದು ನಿಜ. 1860ರ ದಂಡ ಸಂಹಿತೆಯ 511 ಕಲಂಗಳ ಜಾಗದಲ್ಲಿ ಈಗ ನ್ಯಾಯ ಸಂಹಿತೆಯ 358 ಇವೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103 ಆಗಿದೆ, ಊರವರೆಲ್ಲರ ಬಾಯಲ್ಲಿರುವ ವಂಚನೆಯ 420 ಈಗ 318ರೊಳಗೆ ಸೇರಿದೆ. ಆದರೆ ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುತ್ತದೆ. ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನಿನ ಪ್ರಕಾರವೇ ಒಬ್ಬನನ್ನು ಅಪರಾಧಿಯೆನ್ನಬೇಕೆಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಜಿಲ್ಲೆಯ ನ್ಯಾಯಾಲಯಗಳಲ್ಲಿ ಬಾಕಿಯಿರುವ ಹಳೆಯ ಪ್ರಕರಣಗಳು ಮುಗಿದು, ಅವುಗಳ ಮೇಲ್ಮನವಿಗಳೂ ತೀರುವವರೆಗೆ ನಿಮ್ಮ ಮಾವನವರ ಪುಸ್ತಕಗಳಿಗೆ ಕೆಲಸವಿದೆ.

ಅದಕ್ಕಿಂತ ದೊಡ್ಡ ಕಾರಣ, ಸಂಖ್ಯೆಗಳು ಬದಲಾದಷ್ಟು ತತ್ತ್ವಗಳು ಬದಲಾಗಿಲ್ಲ. ಕೊಲ್ಲುವ ಉದ್ದೇಶವೇ ಇಲ್ಲದಿದ್ದರೂ, ಮಾಡಬೇಕೆಂದೇ ಮಾಡಿದ ಗಾಯವು ಸಹಜ ಕ್ರಮದಲ್ಲಿ ಸಾವಿಗೆ ಸಾಲುವಷ್ಟಿದ್ದರೆ ಅದು ಕೊಲೆಯೆಂದು ವಿರ್ಸಾ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ವಿವರಿಸಿದ್ದು ಹಳೆಯ 300ನೆಯ ಕಲಮಿನ ಮೇಲೆ. ಆ ಮಾತುಗಳು ಹೊಸ 101ರಲ್ಲಿಯೂ ಉಳಿದಿರುವುದರಿಂದ ಆ ತೀರ್ಪನ್ನು ಓದದೆ ಮುಂದೆ ಹೋಗುವಂತಿಲ್ಲ. ನಿಜವಾಗಿಯೂ ಹೊಸದಾಗಿರುವ ಸಂಘಟಿತ ಅಪರಾಧದ 111ನೆಯ ಕಲಂ, ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯ ಶಿಕ್ಷೆ ಮುಂತಾದವನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.

ಕೇಳದೇ ಇದ್ದರೂ ಒಂದು ಮಾತು ಹೇಳಬೇಕು. ನಮ್ಮ ವಿದ್ಯಾರ್ಥಿಗಳು ಅಪರಾಧಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಪ್ರಕ್ರಿಯೆ ಮತ್ತು ಸಾಕ್ಷ್ಯದ ಕಾನೂನನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಇಟ್ಟುಕೊಳ್ಳುತ್ತಾರೆ. ಆದರೆ ಪ್ರಕರಣಗಳು ಗೆಲ್ಲುವುದೂ ಬೀಳುವುದೂ ಹೆಚ್ಚಾಗಿ ಅಲ್ಲಿಯೇ. ಗೋವೆಯ ಅಗ್ಗದ ಮದ್ಯವನ್ನು ಮಾಜಾಳಿ ಗಡಿ ದಾಟಿಸುವಾಗ ಒಬ್ಬನು ಸಿಕ್ಕಿಬಿದ್ದನೆಂದು ಇಟ್ಟುಕೊಳ್ಳಿ. ಕರ್ನಾಟಕ ಅಬಕಾರಿ ಕಾಯಿದೆಯಡಿ ಅದು ಅಪರಾಧವೆಂಬುದರಲ್ಲಿ ವಾದವಿರುವುದಿಲ್ಲ. ವಾದವೆಲ್ಲ ಆ ಪೆಟ್ಟಿಗೆಗಳು ಯಾರ ವಶದಲ್ಲಿದ್ದವು, ಪಂಚರ (ಸ್ಥಳದ ಸಾಕ್ಷಿಗಳ) ಎದುರು ಬರೆಯಬೇಕಾದ ಪಂಚನಾಮೆ ಎಲ್ಲಿ ಕುಳಿತು ಬರೆದದ್ದು, ಮುದ್ದೆಮಾಲಿಗೆ, ಅಂದರೆ ಜಪ್ತಿಯಾದ ವಸ್ತುಗಳಿಗೆ, ಮೊಹರು ಹಾಕಿದವರಾರು ಎಂಬುದರ ಮೇಲೆ. ವರ್ಷಗಳ ನಂತರ ಸಾಕ್ಷಿಕಟ್ಟೆಗೆ ಬಂದ ಪಂಚರು ‘ಸಹಿ ಹಾಕು ಎಂದರು, ಹಾಕಿದೆ’ ಎಂದು ಹೇಳಿ, ಕರೆಸಿದ ಪಕ್ಷಕ್ಕೇ ವಿರುದ್ಧವಾಗುವ ಪ್ರತಿಕೂಲ ಸಾಕ್ಷಿಗಳಾದರೆ ಪ್ರಕರಣ ಅಲ್ಲಾಡತೊಡಗುತ್ತದೆ. ಸುರಕ್ಷಾ ಸಂಹಿತೆಯ 105ನೆಯ ಕಲಂ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಆಗಲೇಬೇಕೆಂದು ಹೇಳಿರುವುದರ ಹಿನ್ನೆಲೆ ಆಗ ಅರ್ಥವಾಗುತ್ತದೆ. ಆ ವಿಡಿಯೊ ಪುರಾವೆಯಾಗಬೇಕಾದರೆ ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ವಿದ್ಯುನ್ಮಾನ ದಾಖಲೆಗಳಿಗೆ ಕೇಳುವ ಪ್ರಮಾಣಪತ್ರ ಏಕೆ ಬೇಕೆಂಬುದೂ ತಿಳಿಯುತ್ತದೆ.

ಇದನ್ನು ಕಲಿಯಲು ನ್ಯಾಯಾಲಯದ ಹಿಂದಿನ ಬೆಂಚಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅತ್ಯಾಚಾರದಂಥ ಕೆಲವು ಪ್ರಕರಣಗಳನ್ನು ಬಿಟ್ಟರೆ ವಿಚಾರಣೆ ಬಹಿರಂಗವಾಗಿಯೇ ನಡೆಯುತ್ತದೆ. ರಜೆಯಲ್ಲಿ ಕಾರವಾರಕ್ಕೆ ಹೋಗಿ ಒಂದು ಸೆಷನ್ಸ್ ವಿಚಾರಣೆಯನ್ನು ಮುಖ್ಯ ವಿಚಾರಣೆಯಿಂದ (ಸಾಕ್ಷಿಯನ್ನು ಕರೆಸಿದವರು ಕೇಳುವ ಪ್ರಶ್ನೆಗಳು) ಪಾಟೀಸವಾಲಿನವರೆಗೆ (ಎದುರು ಪಕ್ಷದವರು ಕೇಳುವ ಪ್ರಶ್ನೆಗಳು) ಬಿಡದೆ ನೋಡಿ. (ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದ ಊರದು, ಅಣ್ಣನ ಮನೆಗೆ ಬಂದ ತಮ್ಮನು ಬರೆದದ್ದು ಮಾತ್ರ ತೀರ್ಪನ್ನಲ್ಲ, ನಾಟಕವನ್ನು.) ಹೋಗುವ ಮುನ್ನ ಆ ಪ್ರಕರಣದ ವಕೀಲರನ್ನು ಕೇಳಿ ದೋಷಾರೋಪಣ ಪಟ್ಟಿಯನ್ನು ಓದಿಕೊಂಡಿದ್ದರೆ, ಯಾವ ಪ್ರಶ್ನೆಯನ್ನು ಏಕೆ ಕೇಳಿದರೆಂಬುದು ತಿಳಿದೀತು.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮೂರು ವರ್ಷದ ಕಾನೂನು ಪದವಿ ನನ್ನಿಂದಾದೀತೇ?
– ಪದವೀಧರೆ, ಕುಮಟಾ

ಉತ್ತರ: ಆಗುತ್ತದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಕನ್ನಡದಲ್ಲಿಯೂ ಉತ್ತರ ಬರೆಯಬಹುದು; ಆದರೆ ಒಂದು ಪತ್ರಿಕೆಯನ್ನು ಪೂರ್ತಿ ಕನ್ನಡದಲ್ಲಿ ಅಥವಾ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬೇಕು, ಎರಡನ್ನೂ ಬೆರೆಸುವಂತಿಲ್ಲ. ಫಿರ್ಯಾದಿ, ಪಂಚನಾಮೆ, ಸಾಕ್ಷಿಗಳ ಹೇಳಿಕೆ ಎಲ್ಲವೂ ನಮ್ಮ ಕೆಳ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಕನ್ನಡದಲ್ಲಿಯೇ ಇರುವುದರಿಂದ ಅಲ್ಲಿ ನಿಮಗೆ ಅನುಕೂಲವೇ ಹೆಚ್ಚು. ಇಂಗ್ಲಿಷನ್ನು ಕೈಬಿಡಬೇಡಿ, ಏಕೆಂದರೆ ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವ ಧಾರವಾಡ ಉಚ್ಚ ನ್ಯಾಯಾಲಯ ಪೀಠದ ಕಲಾಪ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಜಾಮೀನು ಅರ್ಜಿಗಳ ಮೇಲಿನ ಆದೇಶಗಳು ಚಿಕ್ಕವಾಗಿರುತ್ತವೆ. ವಾರಕ್ಕೊಂದರಂತೆ ಅವುಗಳಿಂದಲೇ ಇಂಗ್ಲಿಷ್ ಓದು ಆರಂಭಿಸಿ.