ಹಳೇ ಬೇಸ್‌ಬಾಲ್ ಮೈದಾನಕ್ಕೆ ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು, ಅಳಿಯ ಬಾಸ್ಟನ್‌ನಲ್ಲಿದ್ದಾರೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುವವರಿದ್ದೇವೆ. ಅಳಿಯನಿಗೆ ಬೇಸ್‌ಬಾಲ್ ಅಂದರೆ ಪ್ರಾಣ. ಫೆನ್ವೇ ಪಾರ್ಕ್ ಎಂಬ ಹಳೇ ಸ್ಟೇಡಿಯಂ ತೋರಿಸದೆ ಬಿಡುವುದಿಲ್ಲ ಎನ್ನುತ್ತಾನೆ. ನಮಗೆ ಗೊತ್ತಿರುವುದು ಕ್ರಿಕೆಟ್ ಮಾತ್ರ. ಆಟ ಅರ್ಥವಾಗದೆ ಸುಮ್ನೆ ಕೂತಿರಬೇಕಾ? ಸ್ಟೇಡಿಯಂ ಒಳಗೆ ಒಂದು ಟೂರ್ ಇದೆಯಂತೆ, ಅಷ್ಟೇ ಮಾಡಿ ಬಂದರೆ ಸಾಲದೇ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಆಟಕ್ಕೇ ಹೋಗಿ ಮಾಷ್ಟ್ರೇ. ಟೂರ್ ಚೆನ್ನಾಗಿಯೇ ಇರುತ್ತದೆ, ಒಂದು ಗಂಟೆ ಸುತ್ತಾಡಿಸಿ ಕಥೆ ಹೇಳುತ್ತಾರೆ. ಆದರೆ ಆ ಮೈದಾನ ಏನು ಮಾಡುತ್ತದೆ ಅಂತ ಗೊತ್ತಾಗುವುದು ಚೆಂಡು ಓಡುವಾಗ ಮಾತ್ರ.

ನಮ್ಮ ಕಡೆ ಕೊಯ್ಲಾದ ಗದ್ದೆಯಲ್ಲಿ ಮಕ್ಕಳು ಕ್ರಿಕೆಟ್ ಆಡುವಾಗ ಒಂದೊಂದು ಗದ್ದೆಗೆ ಒಂದೊಂದು ಕಾನೂನು ಇರುತ್ತದೆ ಅಲ್ವಾ? ಅಡಿಕೆ ತೋಟಕ್ಕೆ ಹೋದರೆ ಎರಡು ರನ್, ಬಾವಿಗೆ ಬಿದ್ದರೆ ಔಟ್. ಬೇಸ್‌ಬಾಲ್‌ನಲ್ಲಿ ಮೇಜರ್ ಲೀಗ್ ಅನ್ನುವ ದೊಡ್ಡ ಲೀಗಿನ ಮೈದಾನಗಳೂ ಹಾಗೇ. ರನ್ ಗಳಿಸಲು ಓಡಿ ಸುತ್ತಿ ಬರಬೇಕಾದ ನಾಲ್ಕು ಗುರುತುಗಳಿಗೆ ಬೇಸ್ ಅನ್ನುತ್ತಾರೆ. ಬೇಸ್‌ನಿಂದ ಬೇಸ್‌ಗೆ 90 ಅಡಿ, ಚೆಂಡು ಎಸೆಯುವವನಿಂದ ಬ್ಯಾಟರ್‌ಗೆ 60 ಅಡಿ 6 ಇಂಚು, ಇವು ಎಲ್ಲ ಕಡೆ ಒಂದೇ. ಹಿಂದಿನ ಗೋಡೆ ಎಷ್ಟು ದೂರ, ಎಷ್ಟು ಎತ್ತರ ಅನ್ನುವುದು ಮಾತ್ರ ಆಯಾ ಮೈದಾನಕ್ಕೆ ಬಿಟ್ಟದ್ದು.

ರೆಡ್ ಸಾಕ್ಸ್ ತಂಡದ ತವರು ಮೈದಾನವಾದ ಫೆನ್ವೇ ಶುರುವಾದದ್ದು 1912ರ ಏಪ್ರಿಲ್ 20ಕ್ಕೆ, ಟೈಟಾನಿಕ್ ಮುಳುಗಿದ ಅದೇ ವಾರ. ಈಗ ಬಳಕೆಯಲ್ಲಿರುವ ಮೇಜರ್ ಲೀಗ್ ಮೈದಾನಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಎಡಗಡೆ ಆಚೆ ಬೀದಿ ಇದ್ದದ್ದರಿಂದ ಜಾಗ ಸಾಲಲಿಲ್ಲ. ಹಾಗಾಗಿ ಬ್ಯಾಟರ್‌ನಿಂದ 310 ಅಡಿಗೇ ಗೋಡೆ ಬಂತು. ಹತ್ತಿರವಾಯಿತು ಅಂತ ಅದು ಮೇಲಕ್ಕೆ ಎದ್ದಿತು, 37 ಅಡಿ. 1947ರಲ್ಲಿ ಹಸಿರು ಬಣ್ಣ ಬಳಿದರು, ಈಗ ಎಲ್ಲರೂ ಗ್ರೀನ್ ಮಾನ್‌ಸ್ಟರ್ ಅನ್ನುತ್ತಾರೆ. ಬೇರೆ ಮೈದಾನದಲ್ಲಿ ಸಲೀಸಾಗಿ ಕ್ಯಾಚ್ ಆಗುವ ಎತ್ತರದ ಹೊಡೆತ ಇಲ್ಲಿ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಬೇರೆ ಕಡೆ ನೇರ ಗೋಡೆ ದಾಟಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಆಗಬೇಕಾದ ಬಿರುಸಿನ ಹೊಡೆತವೂ ಅದೇ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಆಗ ಎಡಗಡೆಯ ಫೀಲ್ಡರ್ ಚೆಂಡು ಎಲ್ಲಿಗೆ ಪುಟಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ನಿಂತಿರಬೇಕು. 1961ರಿಂದ 1983ರವರೆಗೆ ಆಡಿದ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಈ ವಿದ್ಯೆಗೇ ಹೆಸರಾದವರು. ಚೆಂಡು ಆ ಕಡೆ ಹೋದಾಗಲೆಲ್ಲ ಬ್ಯಾಟರ್‌ನನ್ನು ಬಿಟ್ಟು ಆ ಫೀಲ್ಡರ್‌ನನ್ನು ನೋಡಿ, ಆಟ ತಾನಾಗಿ ಹಿಡಿಸುತ್ತದೆ. ಬಲಗಡೆ ತುದಿಯ ಕಂಬ ಬರೀ 302 ಅಡಿ, ನಡುವಿನ ಮೂಲೆಯೋ 420 ಅಡಿ. ಒಂದೇ ಮೈದಾನದಲ್ಲಿ ಇಷ್ಟು ವ್ಯತ್ಯಾಸ! ಇಂದು ಹೊಸದಾಗಿ ಕಟ್ಟುವವರು ವಿಶೇಷ ಅನುಮತಿ ಇಲ್ಲದೆ ಇಷ್ಟು ಹತ್ತಿರ ಗೋಡೆ ಇಡುವಂತಿಲ್ಲ.

ಗೋಡೆಯ ಬುಡದಲ್ಲಿ ಸ್ಕೋರ್‌ಬೋರ್ಡ್ ಇದೆ. ಒಳಗೆ ಜನ ಕೂತು ಕೈಯಿಂದಲೇ ಅಂಕಿಯ ಹಲಗೆ ಬದಲಿಸುತ್ತಾರೆ. ಬಲಗಡೆ ಹಸಿರು ಸೀಟುಗಳ ನಡುವೆ ಒಂದೇ ಒಂದು ಕೆಂಪು ಸೀಟು ಕಾಣುತ್ತದೆ. 1946ರ ಜೂನ್ 9ರಂದು ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ ಅಲ್ಲಿ ಕೂತವರೊಬ್ಬರ ಹುಲ್ಲಿನ ಟೋಪಿಗೆ ಬಡಿದಿತ್ತು. ಅಳಿಯನಿಗೆ ಹೇಳಿ ಅದನ್ನು ತೋರಿಸಲಿ.

ಇನ್ನೊಂದು ಸಂಗತಿಯೂ ನಿಮಗೆ ಗೊತ್ತಿರಬೇಕು, ಯಾಕೆಂದರೆ ಹೊಗಳಿಕೆ ಮಾತ್ರ ಕೇಳಿ ಬಂದರೆ ಆ ಜಾಗ ಅರ್ಧವೇ ಕಂಡ ಹಾಗೆ. 1945ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಇದೇ ಮೈದಾನದಲ್ಲಿ ಆಡಿ ತೋರಿಸಿದರು, ರೆಡ್ ಸಾಕ್ಸ್ ತಂಡ ಅವರನ್ನು ತೆಗೆದುಕೊಳ್ಳಲಿಲ್ಲ. 1947ರಲ್ಲಿ ಅವರು ಬ್ರೂಕ್ಲಿನ್ ತಂಡದಲ್ಲಿ ಆಡಿ ಚರಿತ್ರೆ ಬದಲಿಸಿದರು. ಕಪ್ಪು ಆಟಗಾರರನ್ನು ಸೇರಿಸಿಕೊಂಡ ಕಡೆಯ ತಂಡ ರೆಡ್ ಸಾಕ್ಸ್, ಅದೂ 1959ರಲ್ಲಿ. ಆ ಕಾಲದ ಮಾಲೀಕ ಯಾಕೀ ಅವರ ಹೆಸರಿದ್ದ ಹೊರಗಿನ ಬೀದಿಗೆ 2018ರಲ್ಲಿ ಹಳೆಯ ಜರ್ಸಿ ಸ್ಟ್ರೀಟ್ ಎಂಬ ಹೆಸರನ್ನೇ ಮತ್ತೆ ಇಟ್ಟರು. ನನಗೆ ಆ ಬದಲಾವಣೆ ಸರಿ ಅನ್ನಿಸುತ್ತದೆ. ಅಲ್ಲಿ ನಡೆಯುವಾಗ ನೆನಪಿರಲಿ.

ಆಟ ತಿಳಿಯಲು ಇಷ್ಟು ಸಾಕು. ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದೊಂದು ತಂಡಕ್ಕೆ ಮೂರು ಔಟ್. ಔಟಾದವನು ಸರದಿ ಬಂದಾಗ ಮತ್ತೆ ಬ್ಯಾಟ್ ಹಿಡಿಯುತ್ತಾನೆ. ಹೊಡೆತ ಎದುರಿನ ಎರಡು ಗೆರೆಗಳ ಒಳಗೇ ಇರಬೇಕು, ಹಿಂದಕ್ಕೆ ತಾಗಿಸಿ ಬೌಂಡರಿ ತೆಗೆಯುವ ನಮ್ಮ ಲೇಟ್ ಕಟ್‌ಗೆ ಅಲ್ಲಿ ಬೆಲೆಯಿಲ್ಲ. 2023ರಿಂದ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು ಅಂತ ಗಡಿಯಾರ ಇಟ್ಟಿದ್ದಾರೆ, ಆದ್ದರಿಂದ ಮೂರು ಗಂಟೆಯೊಳಗೇ ಸಾಮಾನ್ಯವಾಗಿ ಮುಗಿಯುತ್ತದೆ.

ಟಿಕೆಟ್ ತೆಗೆಯುವಾಗ ಒಂದು ಜಾಗ್ರತೆ. ಹಳೇ ಕಟ್ಟಡ, ಚಾವಣಿ ಹೊತ್ತ ಕಂಬಗಳಿವೆ. ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಂಡರೆ ಎದುರಿಗೆ ಕಂಬವೇ ಬಂದು ಎಸೆಯುವವನೇ ಕಾಣದಿರಬಹುದು. ಅಬ್‌ಸ್ಟ್ರಕ್ಟೆಡ್ ವ್ಯೂ ಅಂತ ಬರೆದ ಸೀಟು ಬೇಡ. ಮರದ ಸೀಟುಗಳು ತುಂಬ ಇಕ್ಕಟ್ಟು, ಮಂಡಿನೋವು ಇದ್ದರೆ ಸಾಲಿನ ತುದಿಯ ಜಾಗ ಕೇಳಿ. ಹಗಲಿನ ಆಟ ಸಿಕ್ಕರೆ ಒಳ್ಳೆಯದು, ಆದರೆ ನೆರಳಿರುವ ಕಡೆ ಕೂರಿ. ಕೆನ್ಮೋರ್ ಸ್ಟೇಷನ್‌ನಲ್ಲಿ ರೈಲು ಇಳಿದರೆ ನಡೆದೇ ಹೋಗಬಹುದು, ಕಾರು ತರುವುದು ಬೇಡ ಅಂತ ಅಳಿಯನಿಗೆ ಹೇಳಿ. ಬ್ಯಾಕ್‌ಪ್ಯಾಕ್ ಒಳಗೆ ಬಿಡುವುದಿಲ್ಲ. ನೀವು ಸಸ್ಯಾಹಾರಿಗಳಾದರೆ ಹಾಟ್ ಡಾಗ್ ಬಿಟ್ಟುಬಿಡಿ, ನೆಲಕಡಲೆ ಮತ್ತು ಪಾಪ್‌ಕಾರ್ನ್ ಧಾರಾಳ ಸಿಗುತ್ತದೆ.

ಪ್ರಶ್ನೆ: ಅಣ್ಣ ಇರುವುದು ಶಿಕಾಗೋದಲ್ಲಿ. ಬಾಸ್ಟನ್‌ಗೆ ಹೋಗಲಾಗದವರು ಏನು ನೋಡಬೇಕು?
– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ರಿಗ್ಲಿ ಫೀಲ್ಡ್ ನೋಡಮ್ಮ, 1914ರದ್ದು. ಅಲ್ಲಿ ಗೋಡೆಯ ತುಂಬ ಬಳ್ಳಿ ಹಬ್ಬಿದೆ, 1937ರಲ್ಲಿ ನೆಟ್ಟದ್ದು. ಚೆಂಡು ಆ ಎಲೆಗಳ ನಡುವೆ ಸಿಕ್ಕಿಕೊಂಡರೆ ಫೀಲ್ಡರ್ ಕೈ ಎತ್ತಿ ನಿಲ್ಲುತ್ತಾನೆ, ಬ್ಯಾಟರ್‌ಗೆ ಎರಡು ಬೇಸ್ ಕೊಡುತ್ತಾರೆ. ಏಪ್ರಿಲ್‌ನಲ್ಲಿ ಹೋದರೆ ಬರೀ ಕಡ್ಡಿ ಕಾಣುತ್ತದೆ, ಜೂನ್ ನಂತರ ಹೋಗು. 1988ರ ಆಗಸ್ಟ್‌ವರೆಗೆ ಅಲ್ಲಿ ರಾತ್ರಿ ಆಟಕ್ಕೆ ದೀಪವೇ ಇರಲಿಲ್ಲ, ಇವತ್ತಿಗೂ ಬೇರೆ ಮೈದಾನಗಳಿಗಿಂತ ಹಗಲಿನ ಆಟ ಜಾಸ್ತಿ. ಅಲ್ಲಿನ ಕಬ್ಸ್ ತಂಡ ಗೆದ್ದರೆ ಬಿಳಿ ಬಾವುಟದಲ್ಲಿ ನೀಲಿ ಡಬ್ಲ್ಯೂ ಅಕ್ಷರ ಹಾರಿಸುತ್ತಾರೆ. ಅದು ಮೇಲೇರುವವರೆಗೆ ಎದ್ದು ಬರಬೇಡ. ರೆಡ್ ಲೈನ್ ರೈಲಿನಲ್ಲಿ ಅಡಿಸನ್ ಸ್ಟೇಷನ್‌ಗೆ ಇಳಿದರೆ ಮೈದಾನ ಪಕ್ಕದಲ್ಲೇ.

ಪ್ರಶ್ನೆ: ಪ್ರೇಕ್ಷಕರ ಕಡೆ ಬಂದ ಚೆಂಡು ವಾಪಸ್ ಕೊಡಬೇಕೇ?
– ಕುಂಬಳೆಯಿಂದ

ಉತ್ತರ: ಬೇಡ, ಸಿಕ್ಕಿದವರಿಗೇ. ಆದರೆ ಮೈದಾನದ ಒಳಗಿರುವ ಚೆಂಡಿಗೆ ಗೋಡೆ ದಾಟಿ ಕೈ ಚಾಚಬಾರದು, ಅದು ಆಟಕ್ಕೆ ಅಡ್ಡಿ, ಹೊರಗೆ ಕಳಿಸುತ್ತಾರೆ. ಜೊತೆಗೆ ಮಕ್ಕಳಿದ್ದರೆ ಬ್ಯಾಟರ್‌ನ ಹಿಂದೆ ಬಲೆ ಇರುವ ಭಾಗದಲ್ಲೇ ಕೂರಿಸಿ. ಆ ಚೆಂಡು ಗಟ್ಟಿ, ಅದರ ವೇಗವೂ ಜೋರು.